ಬೀದರಿನ ಸದ್ದು ಕೊಟ್ಟವರಿಗೆ

ನನ್ನ ಎಲೆಕ್ಟ್ರಾನಿಕ್ ಸಂಗೀತದ ಆಲ್ಬಂ ಹೊರಗೆ ಬಂತು. ಕೇಳಿ ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಜನ ಕೇಳಿದ್ದು ಒಂದೇ ಮಾತು: ಆ ಲೋಹದ ದನಿ ಯಾವ ಸಿಂಥಸೈಜರಿನದು? ಸಿಂಥಸೈಜರಿನದಲ್ಲ. ನಮ್ಮ ಬೀದರಿನ ಒಂದು ಬಿದ್ರಿ ಕಾರ್ಖಾನೆಯದು, ಅಂದರೆ ಲೋಹದ ಪಾತ್ರೆಯ ಮೇಲೆ ಗೆರೆ ಕೆತ್ತಿ ಬೆಳ್ಳಿ ತಂತಿ ಕೂರಿಸುವ ಜಾಗದ್ದು.

ಉಸ್ತಾದ್ ಸಾಹೇಬರೇ, ಮೊದಲ ನಮಸ್ಕಾರ ನಿಮಗೆ. ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ನೀವು ಕೆತ್ತುತ್ತಿದ್ದ ಹೂಜಿಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಲೇ ಅಂತ ಕೇಳಿದಾಗ ಯಾಕೆ ಏನು ಅನ್ನದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಿರಿ. ಈ ಮೈಕ್ ಲೋಹದೊಳಗಿನ ನಡುಕವನ್ನು ಹಿಡಿಯುತ್ತದೆ. ಹಾಗಾಗಿ ಬೀದಿಯ ಆಟೋ ಹಾರ್ನ್ ಒಳಗೆ ಬರಲಿಲ್ಲ. ಬಂದದ್ದು ಉಳಿಯ ಏಟು, ಅರ ಉಜ್ಜುವ ಸದ್ದು, ಬೆಳ್ಳಿ ತಂತಿ ಗೆರೆಯೊಳಗೆ ಕೂರುವ ಸದ್ದು. ಅದನ್ನು ಎಂಟು ಪಟ್ಟು ನಿಧಾನ ಮಾಡಿದರೆ ಮೂರು ಸಪ್ತಕ ಕೆಳಗಿಳಿಯುತ್ತದೆ. ಸಣ್ಣ ಏಟೂ ಗುಡಿಯ ಗಂಟೆಯ ಹಾಗೆ ಕೇಳುತ್ತದೆ.

"ತಂತಿ ಸರಿ ಕೂತ್ರ ಸದ್ದು ಗಟ್ಟಿ ಇರ್ತದ, ಕೂರದಿದ್ರ ಗುಂಯ್ ಅಂತದ" ಅಂದಿರಿ ನೀವು. ಆಮೇಲೆ ಎಲ್ಲ ರೆಕಾರ್ಡಿಂಗ್ ಮತ್ತೆ ಕೇಳಿದೆ. ಗುಂಯ್ ಅನ್ನುವ ಏಟುಗಳನ್ನು ಬೇರೆ ಮಾಡಿಟ್ಟೆ. ಮೂರನೇ ಟ್ರ್ಯಾಕ್ ಪೂರ್ತಿ ಅವುಗಳಿಂದಲೇ ಆಗಿದೆ.

ಕೊನೆಯ ಟ್ರ್ಯಾಕ್ ಕೂಡ ನಿಮ್ಮ ಕೆಲಸದಿಂದಲೇ ಹುಟ್ಟಿತು. ಕೋಟೆಯೊಳಗಿನ ಮಳೆ ಬಿಸಿಲು ಕಾಣದ ಮಣ್ಣು, ನವಸಾಗರ ಅನ್ನುವ ಉಪ್ಪು, ಬಿಸಿ ನೀರು ಸೇರಿಸಿ ಹೂಜಿಗೆ ತಾಕಿಸುತ್ತೀರಿ. ಸತು ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಾನೂ ಉಳಿದ ದನಿಗಳಿಗೆಲ್ಲ ಫಿಲ್ಟರ್ ಹಾಕಿ ಮಂಕು ಮಾಡುತ್ತಾ ಹೋದೆ. ತಂತಿಯ ಏಟನ್ನು ಮುಟ್ಟಲಿಲ್ಲ.

ಜೇವರ್ಗಿ ಕಡೆಯಿಂದ ಬಂದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದ ಅಜ್ಜ, ನಿಮಗೆ ಶರಣು. ನಿಮ್ಮ ಏಕತಾರಿಯ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ನಿಲ್ಲುತ್ತಿತ್ತು. ಸಾಫ್ಟ್‌ವೇರಿನಲ್ಲಿ ಅದನ್ನು ಎಳೆದು ಒಂದು ಮನೆಗೆ ಕೂರಿಸುವುದು ಸುಲಭ. ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಸಿಂಥಸೈಜರನ್ನೇ ಏಕತಾರಿಗೆ ಶ್ರುತಿ ಮಾಡಿಕೊಂಡೆ. ಆ ಟ್ರ್ಯಾಕ್ ನನಗೆ ಎಲ್ಲಕ್ಕಿಂತ ಇಷ್ಟ.

ಇಂಥ ಸಂಗೀತ ನಮ್ಮ ದೇಶಕ್ಕೆ ಹೊಸದಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಮೂಗ್ ಕಂಪನಿಯ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿದ್ದರು. ಅಲ್ಲಿನ ಹಳೆಯ ಟೇಪುಗಳನ್ನು ಹುಡುಕಿ ಹೊರಗೆ ತಂದವರಿಗೂ ನಾನು ಋಣಿ. ಬೀದರಿನಲ್ಲಿ ಕೂತು ಒಬ್ಬನೇ ಏನು ಮಾಡುತ್ತಿದ್ದೇನೆ ಅನ್ನಿಸಿದಾಗೆಲ್ಲ ಅವನ್ನೇ ಹಾಕಿಕೊಂಡು ಕೇಳುತ್ತಿದ್ದೆ.

ಮಿಕ್ಸಿಂಗ್ ಮಾಡಿದ ಕಲಬುರಗಿಯ ಗೆಳೆಯನಿಗೆ, ರೆಕಾರ್ಡಿಂಗ್ ಹೊತ್ತಿನಲ್ಲಿ ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಆರಿಸಿ ಕೂತ ನಮ್ಮ ಅವ್ವನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಇನ್ನೂ ಕೇಳದವರು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರಿನಲ್ಲಿ ಹೂಜಿಯ ಕೆಳ ಸಪ್ತಕದ ದನಿ ಬರುವುದೇ ಇಲ್ಲ. ಕೊಂಡುಕೊಂಡರೆ ಇನ್ನೂ ಸಂತೋಷ. ಬಂದ ದುಡ್ಡಿನಲ್ಲಿ ಅರ್ಧ ಕಾರ್ಖಾನೆಗೂ ಅಜ್ಜನಿಗೂ ಹೋಗುತ್ತದೆ.