ಮಗಳಿಗೊಂದು ಪತ್ರ: ಸ್ಕ್ರೂಜ್ ಸಾಹೇಬರ ರಜೆ ಲೆಕ್ಕ

ಪ್ರೀತಿಯ ಪುಟ್ಟಿ,

ಕೊಯ್ಲು ಜೋರಾಗಿದೆ. ಅರೇಬಿಕಾ ಕಾಫಿ ಈ ಸಲ ಎಲ್ಲ ಒಟ್ಟಿಗೇ ಹಣ್ಣಾಗಿ ಕೂತಿದೆ, ಆಳು ಸಾಲದು, ಸಂಜೆ ಹಣ್ಣಿನ ಅಳತೆ ಮುಗಿಸಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರು ಮಾಡಿಸಿ, ಆಳುಗಳ ಹಾಜರಿಯ ಮಸ್ಟರ್ ಬರೆದು ಮನೆ ಸೇರುವಾಗ ಎಂಟು ಗಂಟೆ ಆಗುತ್ತದೆ. ಅದಕ್ಕೇ ಮೊನ್ನೆ ಫೋನಿನಲ್ಲಿ ಜಾಸ್ತಿ ಮಾತಾಡಲಿಕ್ಕೆ ಆಗಲಿಲ್ಲ.

ಈ ಸಲ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಊರಿಗೆ ಬರಲಿಕ್ಕೆ ಆಗಲ್ಲ ಅಂದೆ. ಸರಿ. ಹೊಸದಾಗಿ ಟೀಮ್ ಲೀಡ್ ಆಗಿದ್ದೀಯ, ಮೊದಲ ವರ್ಷವೇ ರಜೆ ಹಾಕುವುದು ಕಷ್ಟ, ಒಪ್ಪಿದೆ. ಆಮೇಲೆ ಇನ್ನೊಂದು ಮಾತು ಅಂದೆಯಲ್ಲ, ನಿನ್ನ ಕೈಕೆಳಗಿನ ಹುಡುಗನೊಬ್ಬ ಕ್ರಿಸ್ಮಸ್‌ಗೆ ರಜೆ ಕೇಳಿದ್ದಾನೆ, "ಪ್ರತಿ ಡಿಸೆಂಬರ್‌ನಲ್ಲೂ ಇವನದು ಇದೇ ಆಯ್ತು ಅಪ್ಪ" ಅಂತ. ನಾನು ನಕ್ಕೆ. ಯಾಕೆ ನಗುತ್ತೀರಿ ಅಂತ ನೀನು ಕೇಳುವಷ್ಟರಲ್ಲಿ ಕರೆಂಟ್ ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು.

ಯಾಕೆ ನಕ್ಕೆ ಅಂದರೆ, ಆ ಮಾತು ನಮ್ಮ ಪುಸ್ತಕದಲ್ಲೇ ಇದೆ. ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್', ಮೊದಲ ಅಧ್ಯಾಯ. ಹಬ್ಬದ ಹಿಂದಿನ ಸಂಜೆ, ಆಫೀಸು ಮುಚ್ಚುವ ಹೊತ್ತು. ನಾಳೆ ಪೂರ್ತಿ ದಿನ ರಜೆ ಬೇಕು ಅಲ್ವಾ ಅಂತ ಜಿಪುಣ ಯಜಮಾನ ಸ್ಕ್ರೂಜ್ ಕೇಳುತ್ತಾನೆ. ತಮಗೆ ಅನುಕೂಲ ಇದ್ದರೆ ಅನ್ನುತ್ತಾನೆ ಗುಮಾಸ್ತ ಬಾಬ್ ಕ್ರಾಚಿಟ್. ಅನುಕೂಲವೂ ಇಲ್ಲ, ನ್ಯಾಯವೂ ಅಲ್ಲ, ಅರ್ಧ ಕ್ರೌನ್ ಹಿಡಿದುಕೊಂಡರೆ ನಿನಗೆ ಅನ್ಯಾಯ ಅನ್ನಿಸುತ್ತೆ, ಕೆಲಸವಿಲ್ಲದೆ ದಿನದ ಸಂಬಳ ಕೊಟ್ಟರೆ ನನಗೆ ಅನ್ಯಾಯ ಆಯ್ತು ಅಂತ ಮಾತ್ರ ನಿನಗೆ ಅನ್ನಿಸುವುದಿಲ್ಲ, ಪ್ರತಿ ಡಿಸೆಂಬರ್ 25ಕ್ಕೆ ಒಬ್ಬನ ಜೇಬು ಕತ್ತರಿಸಲಿಕ್ಕೆ ಇದೊಂದು ನೆಪ ಅಂತ ಗೊಣಗುತ್ತಾನೆ. ರಜೆ ಕೊಡುತ್ತಾನೆ, ಅದು ಬೇರೆ. ಮರುದಿನ ಬೇಗ ಬಾ ಅಂತ ತಾಕೀತು ಮಾಡಿ ಕೊಡುತ್ತಾನೆ.

ಇಲ್ಲಿ ಒಂದು ಲೆಕ್ಕ ಇದೆ, ನಿನಗೆ ಯಾವತ್ತೂ ಹೇಳಿರಲಿಲ್ಲ. ಬಾಬ್‌ನ ಸಂಬಳ ವಾರಕ್ಕೆ 15 ಶಿಲಿಂಗ್. ವಾರಕ್ಕೆ ಆರು ದಿನ ಕೆಲಸ ಅಂತ ಹಿಡಿದರೆ ದಿನಕ್ಕೆ ಎರಡೂವರೆ ಶಿಲಿಂಗ್. ಅರ್ಧ ಕ್ರೌನ್ ಅಂದರೂ ಎರಡೂವರೆ ಶಿಲಿಂಗೇ. ಸರಿಯಾಗಿ ಒಂದು ದಿನದ ಕೂಲಿ! ಕಥೆ ಬರೆಯುವವನು ಇಷ್ಟು ಕರಾರುವಾಕ್ಕಾಗಿ ಬಟವಾಡೆ ಲೆಕ್ಕ ಹಾಕಿದ್ದು ನೋಡಿ, ತೋಟದ ಲೆಕ್ಕ ಬರೆಯುವ ರೈಟರ್ ಆದ ನನಗೆ ಅವನ ಮೇಲೆ ಒಂದು ಥರ ಅಭಿಮಾನ. ಇನ್ನೂ ಕೇಳು. 1843ರ ಡಿಸೆಂಬರ್ 19ಕ್ಕೆ ಆ ಪುಸ್ತಕ ಲಂಡನ್ನಿನಲ್ಲಿ ಹೊರಗೆ ಬಂದಾಗ ಅದರ ಬೆಲೆ 5 ಶಿಲಿಂಗ್. ಅಂದರೆ ತನ್ನದೇ ಕಥೆ ಇರುವ ಪುಸ್ತಕ ಕೊಳ್ಳಲಿಕ್ಕೆ ಪಾಪ ಬಾಬ್ ಎರಡು ದಿನ ದುಡಿಯಬೇಕು.

ಮೊದಲು ಅಚ್ಚಾದ 6,000 ಪ್ರತಿ ಕ್ರಿಸ್ಮಸ್ ಹೊತ್ತಿಗೆ ಖಾಲಿಯಾದವು. ಡಿಕನ್ಸ್ 1,000 ಪೌಂಡ್ ಬರುತ್ತದೆ ಅಂದುಕೊಂಡಿದ್ದ, ಕೈಗೆ ಸಿಕ್ಕಿದ್ದು 230 ಚಿಲ್ಲರೆ. ಬಣ್ಣದ ಚಿತ್ರ, ಚಿನ್ನದ ಅಂಚು ಅಂತ ಖರ್ಚು ಏರಿಸಿಕೊಂಡಿದ್ದ. ನಮ್ಮ ಸಾವ್ಕಾರ್ರು ಹೊಸ ಪಲ್ಪರ್ ತಂದ ವರ್ಷ ಹೀಗೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಆ ಪುಸ್ತಕ ನಮಗೆ ಸಿಕ್ಕಿದ್ದು ಬಂಗ್ಲೆ ಸುಣ್ಣ ಬಳಿಸುವಾಗ, ರದ್ದಿಗೆ ಹಾಕಿದ ಗಂಟಿನಲ್ಲಿ. ಅಲ್ಲಿಗೆ ಮುಗಿಯುತ್ತಿತ್ತು, ಪಕ್ಕದ ಮನೆ ಬಾಯಮ್ಮ ಇಲ್ಲದಿದ್ದರೆ. ಅವರ ಮನೆಯವರೆಲ್ಲ ಇಪ್ಪತ್ನಾಲ್ಕರ ರಾತ್ರಿ ಜೀಪ್ ಹತ್ತಿ ಚರ್ಚಿಗೆ ಪೂಜೆಗೆ ಹೋಗುತ್ತಿದ್ದರು, ನಡೆಯಲಾರದ ಅಜ್ಜಿಯನ್ನು ನಮ್ಮ ಮನೆಯಲ್ಲಿ ಬಿಟ್ಟು. ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ, ನಿನಗೆ ಅಜ್ಜಿ ಎದ್ದಿದ್ದಾರೆ ಅಂತ ಮಲಗುವ ಮನಸ್ಸಿಲ್ಲ. ನಾನು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ನಿಮ್ಮಮ್ಮ ಒಲೆ ಹತ್ತಿರ ಕೂತು ತಕರಾರು ತೆಗೆಯುತ್ತಿದ್ದಳು. ಕ್ರಾಚಿಟ್ ಮನೆಯ ಪುಡ್ಡಿಂಗ್ ಬಟ್ಟೆಯಲ್ಲಿ ಕಟ್ಟಿ ಬೇಯಿಸುತ್ತಾರೆ ಅಂದಾಗ "ಓ, ನಮ್ಮ ಕೊಟ್ಟೆ ಕಡುಬಿನ ಥರ" ಅಂದವಳು ಅವಳೇ. ಅಜ್ಜಿ ಪ್ರತಿ ವರ್ಷ ಮಧ್ಯದಲ್ಲಿ ನಿಲ್ಲಿಸಿ, ಬಾಬ್‌ನ ಆ ಕುಂಟ ಮಗ ಉಳಿಯುತ್ತಾನೆ ತಾನೇ ಅಂತ ಕೇಳುತ್ತಿದ್ದರು. ಹೋದ ವರ್ಷವೇ ಕೇಳಿದ್ದರು, ಉತ್ತರ ಗೊತ್ತಿತ್ತು, ಆದರೂ ಕೇಳುತ್ತಿದ್ದರು. ಉಳಿಯುತ್ತಾನೆ ಅಂತ ನಾವು ಹೇಳಿದ ಮೇಲೆಯೇ ಮುಂದಿನ ಪುಟ.

ನೀನು ಚಿಕ್ಕವಳಿದ್ದಾಗ ನಿನಗೆ ಬೇಕಿದ್ದದ್ದು ದೆವ್ವಗಳು. ಬಾಗಿಲು ತಟ್ಟುವ ಬಳೆಯಲ್ಲಿ ಸ್ಕ್ರೂಜ್‌ನ ಸತ್ತ ಪಾಲುದಾರ ಮಾರ್ಲಿಯ ಮುಖ ಕಾಣುವುದು, ಸರಪಳಿ ಎಳೆಯುವ ಸದ್ದು. ಸ್ವಲ್ಪ ದೊಡ್ಡವಳಾದ ಮೇಲೆ ಕೇಳಿದ್ದೆ: "ಇಷ್ಟು ಕಷ್ಟ ಇದ್ದರೆ ಬಾಬ್ ಕೆಲಸ ಯಾಕೆ ಬಿಡಲ್ಲ?" ನಿಮ್ಮಮ್ಮ ತಕ್ಷಣ, "ಮೊದಲು ನಿಮ್ಮಪ್ಪನನ್ನ ಕೇಳು" ಅಂದಳು. ನಾನು ಪುಟ ತಿರುಗಿಸಿದೆ.

ಈ ಸಲ ನೀನು ಓದಬೇಕಾದದ್ದು ಎರಡನೇ ಅಧ್ಯಾಯದ ಫೆಝಿವಿಗ್‌ನ ಭಾಗ. ಸುಮ್ನೆ ಡ್ಯಾನ್ಸು, ಪಿಟೀಲು ಅಂತ ನಾವು ಬೇಗ ಬೇಗ ಹಾರಿಸಿಬಿಡುತ್ತಿದ್ದೆವು. ಆದರೆ ನನ್ನ ಪ್ರಕಾರ ಕಥೆ ತಿರುಗುವುದು ಸ್ಕ್ರೂಜ್ ತನ್ನ ಗೋರಿ ನೋಡುವ ಸ್ಮಶಾನದಲ್ಲಿ ಅಲ್ಲ, ಇಲ್ಲಿ. ಸ್ಕ್ರೂಜ್ ಹುಡುಗನಾಗಿದ್ದಾಗ ಕೆಲಸ ಕಲಿತ ಯಜಮಾನ ಫೆಝಿವಿಗ್, ಹಬ್ಬದ ಹಿಂದಿನ ದಿನ ಅಂಗಡಿ ಬೇಗ ಮುಚ್ಚಿಸಿ, ಬೆಂಕಿ ಹಾಕಿಸಿ, ಅಡುಗೆಯವಳಿಂದ ಹಿಡಿದು ಎದುರು ಬೀದಿಯ ಹುಡುಗನವರೆಗೆ ಎಲ್ಲರನ್ನೂ ಕುಣಿಸುತ್ತಾನೆ. ಸ್ಕ್ರೂಜ್‌ಗೆ ಇದನ್ನೆಲ್ಲ ತೋರಿಸುತ್ತಿರುವ ಹಳೇ ಕ್ರಿಸ್ಮಸ್‌ಗಳ ದೆವ್ವ ಬೇಕೆಂದೇ ಕೆಣಕುತ್ತದೆ: ಮೂರೋ ನಾಲ್ಕೋ ಪೌಂಡ್ ಖರ್ಚು ಮಾಡಿದ, ಅದಕ್ಕೆ ಇಷ್ಟು ಹೊಗಳಿಕೆಯಾ? ಸ್ಕ್ರೂಜ್‌ಗೆ ರೇಗುತ್ತದೆ. ದುಡ್ಡಿನ ಮಾತಲ್ಲ, ನಮ್ಮ ಕೆಲಸ ಹಗುರ ಮಾಡುವುದೂ ಭಾರ ಮಾಡುವುದೂ ಅವನ ಕೈಯಲ್ಲಿತ್ತು, ಅದು ಅವನ ಮಾತಿನಲ್ಲಿ, ನೋಟದಲ್ಲಿ, ಲೆಕ್ಕಕ್ಕೆ ಸಿಗದ ಸಣ್ಣಪುಟ್ಟದರಲ್ಲಿ ಇತ್ತು ಅನ್ನುತ್ತಾನೆ. ಅಂದು ಸುಮ್ಮನಾಗುತ್ತಾನೆ. ಏನಾಯಿತು ಅಂತ ದೆವ್ವ ಕೇಳಿದರೆ, ನನ್ನ ಗುಮಾಸ್ತನಿಗೆ ಈಗಲೇ ಒಂದೆರಡು ಮಾತು ಹೇಳಬೇಕು ಅನ್ನಿಸುತ್ತಿದೆ, ಅಷ್ಟೇ ಅನ್ನುತ್ತಾನೆ.

ಇದನ್ನು ಬರೆದವನಿಗೆ ಯಜಮಾನರು ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. 12 ವರ್ಷಕ್ಕೆ, 1824ರಲ್ಲಿ, ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ ಈ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ.

ನಾನೂ ಇಷ್ಟು ವರ್ಷ ಮಸ್ಟರ್ ಬರೆದಿದ್ದೇನೆ ಪುಟ್ಟಿ. ಕೂಲಿ ರೇಟು ನಾನು ನಿಗದಿ ಮಾಡುವುದಲ್ಲ, ಅದು ಮೇಲಿಂದ ಬರುತ್ತದೆ. ಆದರೆ ಹತ್ತು ನಿಮಿಷ ತಡವಾಗಿ ಬಂದವಳಿಗೆ ಮಗುವಿಗೆ ಜ್ವರ ಹೇಗಿದೆ ಅಂತ ಕೇಳಿ ಹಾಜರಿ ಹಾಕುವುದೋ, ಅರ್ಧ ದಿನ ಕಳೆಯುವುದೋ, ಅದು ನನ್ನ ಪೆನ್ನಿನ ತುದಿಯಲ್ಲಿದೆ. ಹಾಗಂತ ಎಲ್ಲರಿಗೂ ಕೇಳಿದಾಗಲೆಲ್ಲ ರಜೆ ಕೊಡು ಅಂತ ನಾನು ಹೇಳುತ್ತಿಲ್ಲ. ಕೊಯ್ಲಿನ ಸಮಯದಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕಿದರೆ ಹಣ್ಣು ನೆಲಕ್ಕೆ ಉದುರುತ್ತದೆ, ಅದೂ ನಿಜವೇ. ಆದರೆ ಕೊಡುವುದಾದರೆ ಗೊಣಗದೆ ಕೊಡು, ಇವತ್ತೇ ಹೇಳು. ಆ ಹುಡುಗನ ಊರು ಯಾವುದು ಅಂತ ಕೇಳಿದೆಯಾ? ಹಬ್ಬದ ವಾರ ಬೆಂಗಳೂರಿನಿಂದ ಬಸ್ಸು ಸಿಗುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಇನ್ನು ಕೊನೆಯ ಅಧ್ಯಾಯ. ಬದಲಾದ ಸ್ಕ್ರೂಜ್ ಬಾಬ್ ಮನೆಗೆ ಟರ್ಕಿ ಕೋಳಿ ಕಳಿಸುವಲ್ಲಿಗೇ ಎಲ್ಲರೂ ನಿಲ್ಲಿಸುತ್ತಾರೆ. ನನಗೆ ಇಷ್ಟ 26ನೇ ತಾರೀಕು. ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬರುತ್ತಾನೆ. ಆ ಅರ್ಧ ನಿಮಿಷ ನೋಡು! ಸ್ಕ್ರೂಜ್ ಹಳೇ ಧ್ವನಿಯಲ್ಲೇ ಗದರಿ, ಇನ್ನು ಇದನ್ನೆಲ್ಲ ಸಹಿಸಲ್ಲ ಅಂದು, ಅದಕ್ಕೇ ನಿನ್ನ ಸಂಬಳ ಜಾಸ್ತಿ ಮಾಡುತ್ತೇನೆ ಅನ್ನುತ್ತಾನೆ. ಬಾಬ್‌ಗೆ ಖುಷಿ ಆಗುವುದಿಲ್ಲ, ಯಜಮಾನರಿಗೆ ತಲೆ ಕೆಟ್ಟಿದೆ ಅಂತ ರೂಲುದೊಣ್ಣೆ ಕಡೆ ಕೈ ಚಾಚುತ್ತಾನೆ. ನನ್ನ ಸಂಬಳ ಹಾಗೆ ಏರಿಸಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಇಪ್ಪತ್ನಾಲ್ಕರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡು. ಕಣದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ನಿಮ್ಮಮ್ಮ, ಬಾಯಮ್ಮ, ಅಜ್ಜಿ ಎಲ್ಲರಿಗೂ ಅಲ್ಲೇ ಕುರ್ಚಿ ಹಾಕಿಸುತ್ತೇನೆ. ಬಾಯಮ್ಮ ಮೊಣಕಾಲು ನೋವು ಅಂತ ಈ ಸಲ ರಾತ್ರಿ ಪೂಜೆಗೆ ಹೋಗುತ್ತಿಲ್ಲ, ಬೆಳಿಗ್ಗೆ ಹೋಗುತ್ತಾರಂತೆ. ಫೆಝಿವಿಗ್ ನಿನ್ನ ಪಾಲು, ಆದ್ದರಿಂದ ಪುಸ್ತಕದ ಆ ಪುಟಗಳ ಫೋಟೋ ಕಳಿಸಿದ್ದೇನೆ. ಆಲ್ದೂರಿನಿಂದ ಬರುವವರ ಕೈಯಲ್ಲಿ ಬಾಯಮ್ಮ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ಡಬ್ಬಿ ಕಳಿಸುತ್ತಾರೆ. ಅದರಲ್ಲಿ ಕಲ್ಕಲ್ ನಿನಗೆ, ನೆವ್ರಿ ಆಫೀಸಿನವರಿಗೆ ಅಂತ ಹೇಳಿದ್ದಾರೆ.

ನಿನ್ನ ಅಪ್ಪ