ಇನ್‌ಕಾಗ್ನಿಟೋ ಮುಚ್ಚಿದರೂ ಆಧಾರ್ ಅಲ್ಲೇ ಉಳಿದಿರುತ್ತದೆ

ಮಾನ್ಯ ಸಂಪಾದಕರೆ,

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುವವಳು ನಾನು. ಸಿಇಟಿ, ವಿದ್ಯಾರ್ಥಿವೇತನ, 371 ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಪ್ರಮಾಣಪತ್ರ, ನೇಮಕಾತಿ ಅಂತ ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಹುಡುಗ ಹುಡುಗಿಯರು ಬೆಳಗಿನ ಬಸ್ಸಿಗೇ ಬಂದುಬಿಡುತ್ತಾರೆ. ಅವರಲ್ಲಿ ಸ್ವಲ್ಪ ತಿಳಿದವರು ಕುರ್ಚಿಯಲ್ಲಿ ಕೂತೊಡನೆ ಕ್ರೋಮ್ ಬ್ರೌಸರಿನ ಇನ್‌ಕಾಗ್ನಿಟೋ, ಅಂದರೆ ಖಾಸಗಿ ಕಿಟಕಿ, ಎಲ್ಲಿದೆ ಎಂದು ಹುಡುಕುತ್ತಾರೆ. "ಅಕ್ಕಾರ, ಇದ್ರಾಗ ಮಾಡಿದ್ದು ಏನೂ ಉಳ್ಯಂಗಿಲ್ರಿ" ಎಂದು ನನಗೂ ತಿಳಿಸಿ ಹೇಳುತ್ತಾರೆ. ಅವರ ಮಾತು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧವನ್ನು ಅವರಿಗೆ ಯಾರೂ ಹೇಳಿಲ್ಲ.

ಇನ್‌ಕಾಗ್ನಿಟೋ ಮುಚ್ಚಿದರೆ ನೋಡಿದ ಪುಟಗಳ ಹಿಸ್ಟರಿ, ಕುಕಿಗಳು (ತಾಣಗಳು ಬ್ರೌಸರಿನಲ್ಲಿ ಇಡುವ ಗುರುತುಗಳು), ಫಾರ್ಮಿನಲ್ಲಿ ತುಂಬಿದ ವಿವರಗಳು ಆ ಕಂಪ್ಯೂಟರಿನಿಂದ ಅಳಿಯುತ್ತವೆ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಅಳಿಯುವುದಿಲ್ಲ. ಅರ್ಜಿ ಹಾಕಲು ಬಂದವರು ಮಾಡುವ ಮುಖ್ಯ ಕೆಲಸವೇ ಅದು: ಇ-ಆಧಾರ್, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ, ಸಹಿ. ಎಲ್ಲವೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸಾಲಾಗಿ ಕೂತಿರುತ್ತವೆ. ಸ್ಕ್ಯಾನ್ ಮಾಡಿದ್ದು ಡೆಸ್ಕ್‌ಟಾಪಿನ ಮೇಲಿರುತ್ತದೆ. ಮುಂದೆ ಬಂದು ಕೂತವರಿಗೆ ಅದನ್ನು ಪೆನ್‌ಡ್ರೈವಿಗೆ ಎಳೆದುಕೊಳ್ಳಲು ಒಂದು ನಿಮಿಷ ಸಾಕು.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಅದಾದ ಮೇಲೆ ಹುಟ್ಟಿದ ವರ್ಷ: ಅದೇ ಪಾಸ್‌ವರ್ಡ್, ದೇಶಕ್ಕೆಲ್ಲ ಒಂದೇ ಸೂತ್ರ. ಅದೇ ಫೋಲ್ಡರಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಇದ್ದರೆ ಹೆಸರು, ಹುಟ್ಟಿದ ದಿನಾಂಕ ಎರಡೂ ಸಿಕ್ಕಂತೆಯೇ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಸೈಬರ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು ಅದರಲ್ಲಿತ್ತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ ಎಂಬ ಮಾತಿನಿಂದ ಗಾಬರಿ ಹುಟ್ಟಿತ್ತು, ನಿಜ. ಆದರೆ ಫೈಲ್ ಅಳಿಸಿ ಎಂಬ ಸಲಹೆಯಲ್ಲಿ ತಪ್ಪೇನಿತ್ತು? ಪ್ರಕಟಣೆಯ ಜೊತೆಗೆ ಆ ಒಳ್ಳೆಯ ಮಾತೂ ಮರೆತುಹೋಯಿತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ನಮ್ಮ ಕಡೆ ಅದನ್ನು ಕೇಳಿ ತೆಗೆದುಕೊಳ್ಳುವವರು ಅಪರೂಪ.

ಇನ್‌ಕಾಗ್ನಿಟೋ ಬಗ್ಗೆ ಇನ್ನೊಂದು ಮಾತನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು. ಕ್ರೋಮ್‌ನಲ್ಲಿ ಎಷ್ಟು ಇನ್‌ಕಾಗ್ನಿಟೋ ಕಿಟಕಿ ತೆರೆದರೂ ಅವೆಲ್ಲ ಒಂದೇ ಲೆಕ್ಕ. ಒಬ್ಬರು ಅದರಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು, ಪ್ರಿಂಟ್ ತೆಗೆದು, ಕಿಟಕಿಯನ್ನು ಮುಚ್ಚದೆ ಬರೀ ಕೆಳಗಿಳಿಸಿ ಹೋದರು ಅನ್ನಿ. ಮುಂದಿನವರು ಹೊಸ ಇನ್‌ಕಾಗ್ನಿಟೋ ಕಿಟಕಿ ತೆರೆದು ವಾಟ್ಸ್ಆ್ಯಪ್ ವೆಬ್‌ಗೆ ಹೋದರೆ ಹಿಂದಿನವರ ಚಾಟ್‌ಗಳೇ ಎದುರಿಗೆ ಬರುತ್ತವೆ. ಕಡೆಯ ಕಿಟಕಿಯೂ ಮುಚ್ಚಿದ ಮೇಲಷ್ಟೇ ಲಾಗಿನ್ ಅಳಿಯುವುದು. ಬಸ್ಸಿನ ಅವಸರದಲ್ಲಿ ಎದ್ದು ಓಡುವವರು ಇದನ್ನು ನೋಡುವುದಿಲ್ಲ. ಹಾಗೆ ಹೋಗಿದ್ದರೆ ದಾರಿಯಲ್ಲೇ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಆದ ಸಾಧನಗಳ ಪಟ್ಟಿ ತೆಗೆದು ಲಾಗೌಟ್ ಒತ್ತಿ. ಹಿಂದಿರುಗಿ ಬರಬೇಕಾಗಿಲ್ಲ.

ಇನ್‌ಕಾಗ್ನಿಟೋದಲ್ಲಿದ್ದರೆ ಗೂಗಲ್‌ಗೂ ಗೊತ್ತಾಗುವುದಿಲ್ಲ ಎಂದುಕೊಂಡವರು ಇನ್ನೂ ಹೆಚ್ಚು. ಇದರ ಮೇಲೆ 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್ ವಿರುದ್ಧ ಬಳಕೆದಾರರು ದಾವೆ ಹೂಡಿದರು. 2024ರಲ್ಲಿ ರಾಜಿಯಾಗಿ, ಹಾಗೆ ಸಂಗ್ರಹವಾದ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಇನ್‌ಕಾಗ್ನಿಟೋ ತೆರೆದಾಗ ಕಾಣುವ ಸೂಚನೆಯ ಮಾತುಗಳೂ ಬದಲಾದವು. ಜಾಲತಾಣಗಳು ಮತ್ತು ಗೂಗಲ್ ಸೇರಿದಂತೆ ಅವು ಬಳಸುವ ಸೇವೆಗಳು ಮಾಹಿತಿ ಸಂಗ್ರಹಿಸುವ ರೀತಿ ಇದರಿಂದ ಬದಲಾಗದು ಎಂದು ಈಗ ಅಲ್ಲೇ ಬರೆದಿದೆ. ಇಂಟರ್ನೆಟ್ ಕೊಡುವ ಕಂಪನಿಗೂ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ.

ಹಾಗಾದರೆ ಅದು ಯಾತಕ್ಕೂ ಬಾರದ್ದೇ? ಖಂಡಿತ ಅಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರ ಜೊತೆ ಒಂದೇ ಫೋನ್ ಹಂಚಿಕೊಂಡ ಹುಡುಗಿಗೆ ಮುಟ್ಟಿನ ನೋವಿನ ಬಗ್ಗೆಯೋ, ಬೆಂಗಳೂರಿನ ಕೆಲಸದ ಬಗ್ಗೆಯೋ ಹುಡುಕಿ ಓದಲು ಇನ್‌ಕಾಗ್ನಿಟೋ ನಿಜವಾದ ಆಸರೆ. "ನಾವೇನ್ ತಪ್ಪು ಮಾಡೀವಂತ ಮುಚ್ಚಿಡ್ಲಕ್ರಿ?" ಎಂದು ಕೆಲವು ಹಿರಿಯರು ನನ್ನನ್ನು ಕೇಳುತ್ತಾರೆ. ತಪ್ಪು ಮಾಡಿದವರಿಗೆ ಮಾತ್ರ ಖಾಸಗಿತನ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದೇ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಿವೃತ್ತಿಯ ನಂತರ ಹೂಡಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು. ಆ ಹಕ್ಕು ಜೇವರ್ಗಿಯ ಹುಡುಗಿಗೂ ಸೇರಿದ್ದು.

ಅಂಗಡಿಯವರಿಗೆ ನಿಯಮ ಇಲ್ಲವೆಂದಲ್ಲ. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಬರೆಯಬೇಕು, ನೋಡಿದ ಜಾಲತಾಣಗಳ ಪಟ್ಟಿಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಎಂಬುದೂ ಅದರಲ್ಲಿದೆ. ಗ್ರಾಹಕರು ಬಿಟ್ಟುಹೋದ ಆಧಾರ್, ಅಂಕಪಟ್ಟಿ ಅಳಿಸಬೇಕೆಂಬ ಸಾಲು ಮಾತ್ರ ನನಗೆ ಅದರಲ್ಲಿ ಕಾಣಲಿಲ್ಲ. ಯಾರು ಬಂದರು ಎಂಬ ಲೆಕ್ಕ ಸರ್ಕಾರಕ್ಕೆ ಬೇಕು, ಇರಲಿ. ಬಂದವರ ದಾಖಲೆ ಕಾಯುವ ಹೊಣೆಯನ್ನೂ ಅಷ್ಟೇ ಬಿಗಿಯಾಗಿ ಹೊರಿಸಬೇಕಿತ್ತು. ಕೆಲಸ ಮುಗಿದ ಮೇಲೆ ವೈಯಕ್ತಿಕ ಮಾಹಿತಿ ಅಳಿಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಆ ಮಾತು ನಮ್ಮಂಥ ಸಣ್ಣ ಅಂಗಡಿಗಳ ತನಕ ಇಳಿದು ಬರಬೇಕು.

ನನ್ನ ಅಂಗಡಿಯಲ್ಲಿ ಗ್ರಾಹಕರಿಗೆ ಕೊಡುವುದು ಕ್ರೋಮ್ ಅಲ್ಲ, ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್. ನೋಡಿದ ತಾಣಗಳ ಪಟ್ಟಿ ನಿಯಮಕ್ಕಾಗಿ ಉಳಿಯುತ್ತದೆ. ಲಾಗಿನ್, ಕುಕಿ, ಫಾರ್ಮಿನ ವಿವರಗಳು ಬ್ರೌಸರ್ ಮುಚ್ಚಿದೊಡನೆ ಹೋಗುವಂತೆ ಸೆಟ್ಟಿಂಗ್ಸ್‌ನಲ್ಲಿ ಗುರುತು ಹಾಕಿದ್ದೇನೆ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳುವುದನ್ನೂ ನಿಲ್ಲಿಸಿದ್ದೇನೆ. ಆ ಪೆಟ್ಟಿಗೆ ಬಂದರೆ ಓದದೆಯೇ ಹೌದು ಎಂದು ಒತ್ತುವವರೇ ಜಾಸ್ತಿ. ಫೈಲ್‌ಗಳನ್ನು ಗ್ರಾಹಕರು ಎದುರಿಗಿರುವಾಗಲೇ ಶಿಫ್ಟ್ ಹಿಡಿದು ಡಿಲೀಟ್ ಒತ್ತುತ್ತೇನೆ, ಆಗ ಅದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. ಅಂಗಡಿಯ ವಾಟ್ಸ್ಆ್ಯಪ್‌ನಲ್ಲಿ ಬಂದ ದಾಖಲೆಗೂ ಇದೇ ನಿಯಮ. ಬರೀ ಚಾಟ್ ಅಳಿಸಿದರೆ ಸಾಲದು, ಫೋನಿನ ಗ್ಯಾಲರಿಯಲ್ಲೂ ಒಂದು ಪ್ರತಿ ಕೂತಿರಬಹುದು. ಇದಕ್ಕೆಲ್ಲ ಹಣ ಬೇಕಿಲ್ಲ.

ಜಿಲ್ಲಾಡಳಿತದಲ್ಲಿ ನನ್ನ ಮನವಿ ಇಷ್ಟು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಿಂದ ಹಿಡಿದು ನಮ್ಮಂಥ ಖಾಸಗಿ ಅಂಗಡಿಗಳವರೆಗೆ ಎಲ್ಲ ಕಡೆ, ಕೆಲಸ ಮುಗಿದೊಡನೆ ದಾಖಲೆ ಅಳಿಸಲಾಗುವುದು ಎಂಬ ಫಲಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿಸಿ. ಅರ್ಜಿಗಳಲ್ಲಿ ಮಾಸ್ಕ್ ಮಾಡಿದ ಆಧಾರ್ ಸಾಕಾಗುವ ಕಡೆಯೆಲ್ಲ ಅದನ್ನೇ ಕೇಳುವಂತೆ ಇಲಾಖೆಗಳಿಗೆ ಬರೆಯಿರಿ. ಸಿಇಟಿ ಅರ್ಜಿಯ ಗದ್ದಲ ಶುರುವಾಗುವ ಮೊದಲೇ ಪಿಯು ಕಾಲೇಜುಗಳಲ್ಲಿ ಅರ್ಧ ಗಂಟೆ ಇದನ್ನು ಹೇಳಿಕೊಡಲಿ. ಕರೆದರೆ ನಾನೇ ಬಂದು ತೋರಿಸುತ್ತೇನೆ. ಅಲ್ಲಿಯವರೆಗೆ ಓದುಗರು, ಯಾವ ಅಂಗಡಿಯಲ್ಲೇ ಅರ್ಜಿ ಹಾಕಿಸಲಿ, ದುಡ್ಡು ಕೊಡುವ ಮೊದಲು ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿ, ನಿಮ್ಮ ಹೆಸರಿನ ಫೈಲ್‌ಗಳನ್ನು ಕಣ್ಣೆದುರೇ ಅಳಿಸಲು ಹೇಳಿ. ನನ್ನ ಅಂಗಡಿಗೆ ಬಂದರೂ ಕೇಳಿ.

— ಜೆರಾಕ್ಸ್ ಅಂಗಡಿಯ ಮಾಲೀಕಳು, ಸೂಪರ್ ಮಾರ್ಕೆಟ್, ಕಲಬುರಗಿ