ಅಮ್ಮ ಕಳಿಸಿದವರಿಗೆಲ್ಲ

ಕಳೆದ ಬೇಸಿಗೆಯಲ್ಲಿ ನಮ್ಮನೆಯವರಿಗೆ ಮಂಗನ ಕಾಯಿಲೆ ಬಂದಾಗ ಕೈ ಹಿಡಿದವರಿಗೆಲ್ಲ ಇದನ್ನು ಬರೆಯುತ್ತಿದ್ದೇನೆ. ಅವರು ಈಗ ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ. ಅಡಿಕೆ ಕೊಯ್ಲು ಶುರುವಾಗಿದೆ. ಮರ ಹತ್ತಿ ಕೊಯ್ಯುವ ಕೊನೆಗೌಡ ಮೇಲಿಂದ ಬಿಡುವ ಅಡಿಕೆ ಗೊನೆಯನ್ನು ಕೆಳಗೆ ಹಗ್ಗ ಹಿಡಿದು ಇಳಿಸಿಕೊಳ್ಳುವಷ್ಟು ತ್ರಾಣ ಬಂದಿದೆ. ಎಲ್ಲ ಶಿರಸಿ ಮಾರಿಕಾಂಬೆಯ ದಯೆ.

ನಮ್ಮೂರು ಶಿರಸಿಯಿಂದ ಸಿದ್ದಾಪುರದ ಕಡೆಗೆ, ಬೆಟ್ಟದ ಅಂಚಿನಲ್ಲಿ. ಅಡಿಕೆ ಕೆಲಸ ಮುಗಿದ ಮೇಲೆ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೆ ತರುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕಚ್ಚಿ ಈ ಕಾಯಿಲೆ ತರುವ ಉಣುಗು ಎಂಬ ಹುಳ ಇರುವುದೂ ಆ ದರಕಿನಲ್ಲೇ. ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ನಮ್ಮ ಸೀಮೆಗೆ ಹೊಸದೇನಲ್ಲ. ಆದರೂ ನಮ್ಮ ಮನೆಗೇ ಬರುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ ಹೇಳಿ?

ಒಂದು ಸಂಜೆ ಚಳಿ ಜ್ವರ, ತಲೆ ಸಿಡಿಯುವ ನೋವು, ಮೈ ಮುಟ್ಟಿದರೆ ಕೂಗುವ ಹಾಗಾಯಿತು. ನಮ್ಮೂರ ಆಶಾ ಕಾರ್ಯಕರ್ತೆ, ನಾವೆಲ್ಲ ಆಶಾ ಅಕ್ಕ ಅನ್ನುವವರು, ಬಂದವರೇ "ದರಕಿಗೆ ಹೋಗಿದ್ರಾ?" ಎಂದು ಕೇಳಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿಸಿದರು. ರಕ್ತದ ವರದಿ ಬಂತು. ಅದೇ. ಈ ಕಾಯಿಲೆಗೆ ಅಂತಲೇ ಔಷಧ ಇಲ್ಲ, ಮೈಯಲ್ಲಿ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವ ಆಗದಂತೆ ನೋಡಿಕೊಳ್ಳಬೇಕು ಅಂದರು ಡಾಕ್ಟರು. ಪ್ಲೇಟ್‌ಲೆಟ್ ಇಳಿಯಿತು, ಮತ್ತೆ ಏರಿತು, ಜ್ವರ ಬಿಟ್ಟಿತು. ಮನೆಗೆ ಬಂದೆವು. ನಾನು ಶಿರಸಿಗೆ ಹೋಗಿ ಅಮ್ಮನಿಗೆ ಉಡಿ ಕೊಟ್ಟು ಬಂದೆ.

ಅದಾದ ಮೇಲೆ ಜ್ವರ ತಿರುಗಿ ಬಂತು.

ಮೊದಲ ಸಲ ಬರೀ ಹೆದರಿಕೆ ಇತ್ತು. ಈ ಸಲ ದೇವರ ಮೇಲೆ ಸಿಟ್ಟೂ ಬಂತು. ಅಮ್ಮನ ಪ್ರಸಾದ ಇನ್ನೂ ದೇವರ ಮುಂದೆ ಹಾಗೇ ಇತ್ತು, ಇವರು ಇತ್ತ ತಲೆನೋವಿಗೆ ನರಳುತ್ತ ಮಗಳನ್ನು ಬೇರೆ ಯಾರದೋ ಹೆಸರು ಹಿಡಿದು ಕರೆಯತೊಡಗಿದರು. ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ಆದರೆ ಆಶಾ ಅಕ್ಕ ಮೊದಲೇ ಹೇಳಿಟ್ಟಿದ್ದರು: "ಜ್ವರ ಬಿಟ್ಟಿತು ಅಂತ ಸುಮ್ನಿರಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ. ಆಗ ತಡ ಮಾಡಬಾರದು." ಆ ಒಂದು ಮಾತಿನಿಂದ ನಾವು ಬೆಳಗಾಗಲಿ ಅಂತ ಕಾಯಲಿಲ್ಲ. ಆಂಬುಲೆನ್ಸು ದೇವಿಮನೆ ಘಟ್ಟ ಇಳಿದು, ಕುಮಟಾ, ಹೊನ್ನಾವರ ದಾಟಿ ಮಣಿಪಾಲಕ್ಕೆ ಓಡಿತು.

ಹೊರಡುವಾಗ ಅತ್ತೆ ನನ್ನ ತಲೆ ಸವರಿ "ಹೆದ್ರಡ ಕೂಸೆ, ಅಮ್ಮ ಇದ್ದು" (ಹೆದರಬೇಡ ಮಗಳೇ, ಅಮ್ಮ ಇದ್ದಾಳೆ) ಅಂದರು. ಒಳಗೆ ಮಲಗಿದ್ದವರು ಅವರು ಹೆತ್ತ ಮಗ. ಆದರೂ ನನಗೆ ಧೈರ್ಯ ಹೇಳಿದರಲ್ಲ, ಅದನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ.

ದಾರಿಯಲ್ಲಿ ದೊಡ್ಡ ಹರಕೆ ಯಾವುದೂ ಬಾಯಿಗೆ ಬರಲಿಲ್ಲ. ಘಟ್ಟ ಇಳಿಯುವ ತನಕ ಉಸಿರು ಸರಿಯಾಗಿರಲಿ ತಾಯಿ ಅಂದೆ. ಇಡಗುಂಜಿ ಕ್ರಾಸಿನಲ್ಲಿ ಕೈ ಮುಗಿದು, ಬೆಳಗಿನ ತನಕ ಕಾಪಾಡು ಗಣಪ ಅಂದೆ. ಆಸ್ಪತ್ರೆಯಲ್ಲೂ ಹಾಗೇ. ಇವತ್ತು ಎರಡು ಚಮಚ ಗಂಜಿ ಸೇರಲಿ. ಇವತ್ತು ನನ್ನ ಗುರುತು ಹಿಡಿಯಲಿ. ಅಷ್ಟಷ್ಟೇ ಕೇಳಿದೆ, ಅಷ್ಟಷ್ಟೇ ಸಿಕ್ಕಿತು. ಮರುದಿನದ್ದನ್ನು ಅಮ್ಮನಿಗೆ ಒಪ್ಪಿಸಿ ಕಣ್ಣು ಮುಚ್ಚುವುದನ್ನು ನಾನು ಕಲಿತದ್ದು ಆ ವಾರ್ಡಿನ ಹೊರಗಿನ ಬೆಂಚಿನ ಮೇಲೆ.

ಇತ್ತ ಮನೆಯಲ್ಲಿ ಹಾಲು ಕರೆಯುವ ದನ ಇತ್ತು. ಅದು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ಪಕ್ಕದ ಮನೆಯ ಅಕ್ಕ ನಾನು ಕೊಟ್ಟಿಗೆ ಕೆಲಸಕ್ಕೆ ಉಡುವ ಹಳೇ ಸೀರೆ ಸುತ್ತಿಕೊಂಡು ಹೋಗಿ, ಮೈ ಸವರಿ, ನನ್ನ ಹಾಗೇ ಮಾತಾಡಿಸಿ ಹಾಲು ಕರೆದರಂತೆ. ಮಗಳು ಫೋನಿನಲ್ಲಿ ಇದನ್ನು ಹೇಳಿದಾಗ ಅಲ್ಲಿಯ ತನಕ ತಡೆದಿದ್ದ ಅಳು ಒಮ್ಮೆಲೇ ಬಂತು. ಭಾವ ತೋಟಕ್ಕೆ ನೀರು ಬಿಟ್ಟರು. ಊರಿನ ಹುಡುಗರು ರಕ್ತ ಬೇಕಾದೀತು ಅಂತ ಕೆಲಸ ಬಿಟ್ಟು ಮಣಿಪಾಲದ ತನಕ ಬಂದರು. ಡಾಕ್ಟರು, ನರ್ಸುಗಳು, ಆ ರಾತ್ರಿ ಘಟ್ಟದಲ್ಲಿ ಒಂದು ಕುಲುಕೂ ಆಗದಂತೆ ಗಾಡಿ ಇಳಿಸಿದ ಡ್ರೈವರ್ ಅಣ್ಣ, ಯಾರನ್ನು ಬಿಡಲಿ? ನಿಮ್ಮನ್ನೆಲ್ಲ ಅಮ್ಮನೇ ಕಳಿಸಿದಳು ಅಂತ ನಾನು ನಂಬಿದ್ದೇನೆ. ಬಂದವರು ಮಾತ್ರ ನೀವು, ನಿದ್ದೆಗೆಟ್ಟವರು ನೀವು. ಅಮ್ಮನಿಗೆ ಎಷ್ಟು ಕೈ ಮುಗಿಯುತ್ತೇನೋ ನಿಮಗೂ ಅಷ್ಟೇ.

ಇನ್ನೇನು ಮತ್ತೆ ದರಕಿನ ಕಾಲ ಬರುತ್ತದೆ. ಬೆಟ್ಟಕ್ಕೆ ಹೋಗುವವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ಹಾಕಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಮೀಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಸುದ್ದಿ ಕೊಡಿ. ಜ್ವರ ಬಂದರೆ ಮನೆ ಮದ್ದು ಅಂತ ಕೂರಬೇಡಿ, ದಮ್ಮಯ್ಯ.

ಮುಂದಿನ ಹುಣ್ಣಿಮೆಗೆ ನಮ್ಮನೆಯಲ್ಲಿ ಸತ್ಯನಾರಾಯಣ ವ್ರತ. ಎಲ್ಲರೂ ಊಟಕ್ಕೆ ಬರಬೇಕು. ಆಶಾ ಅಕ್ಕ, ಡ್ಯೂಟಿ ಇದೆ ಅಂತ ತಪ್ಪಿಸಿಕೊಳ್ಳಬೇಡಿ. ನಿಮ್ಮನ್ನು ಕರೆದುಕೊಂಡು ಬರಲು ಇವರೇ ಗಾಡಿ ತರುತ್ತಾರೆ.